ಪೆಂಬರ್ಟನ್ ಸಾಹೇಬರಿಗೆ ವಂದನಾರ್ಪಣೆ

ನಳಿನಿಗೆ ಒಬ್ಬ ಸವತಿ ಇದ್ದಿದ್ದರೆ ಎಷ್ಟೋ ವಾಸಿಯಿತ್ತು. ಜಗಳವಾಡಬಹುದಿತ್ತು, ಮಾತು ಬಿಡಬಹುದಿತ್ತು. ಆದರೆ ಅವಳ ಗಂಡ ಅನಂತಕೃಷ್ಣ ಸ್ವೀಡನ್ನಿನ ಗೋಥೆನ್‌ಬರ್ಗ್‌ನ ಆ ಪುಟ್ಟ ಫ್ಲ್ಯಾಟಿಗೆ ಕರೆತಂದು ಕೂರಿಸಿಕೊಂಡದ್ದು ಸತ್ತು ನೂರು ವರ್ಷ ದಾಟಿದ ಒಬ್ಬ ಇಂಗ್ಲಿಷ್ ಜಡ್ಜನನ್ನು. ಸತ್ತವನ ಹತ್ತಿರ ಯಾರು ಜಗಳವಾಡುತ್ತಾರೆ?

ಆಗಸ್ಟಸ್ ಪೆಂಬರ್ಟನ್ ಎಂಬ ಈ ಮಹಾಶಯ ಒಂದು ಕಾಲದಲ್ಲಿ ಬಳ್ಳಾರಿಯ ಜಿಲ್ಲಾ ನ್ಯಾಯಾಧೀಶ. ಬೆಳಿಗ್ಗೆ ಜೀರುಂಡೆ ಹಿಡಿಯುತ್ತಿದ್ದ, ಸಂಜೆ ನಮ್ಮ ಲಾವಣಿಗಳನ್ನು ಇಂಗ್ಲಿಷ್ ಪ್ರಾಸಕ್ಕೆ ಬಗ್ಗಿಸುತ್ತಿದ್ದ, ರಾತ್ರಿ ಕೋರ್ಟಿನ ಮಾಳಿಗೆಯ ಮೇಲೆ ದೂರದರ್ಶಕ ಇಟ್ಟು ನಕ್ಷತ್ರ ನೋಡುತ್ತಿದ್ದ. ನಡುನಡುವೆ ಬಿಡುವಾದಾಗ ನ್ಯಾಯವನ್ನೂ ಕೊಡುತ್ತಿದ್ದ. ಒಂದು ಜೀರುಂಡೆಗೆ ಅವನ ಹೆಸರೇ ಇದೆ. ರಣಹದ್ದಿನ ಮೇಲೆ ಅವನು ಬರೆದ ದೀರ್ಘಕವನವೊಂದಿತ್ತು. ಅದನ್ನು ಅನಂತಕೃಷ್ಣ ಅನ್ನ-ಸಾರಿನ ಹೊತ್ತಿನಲ್ಲಿ ಗಟ್ಟಿಯಾಗಿ ಓದುತ್ತಿದ್ದ.

ಅನಂತಕೃಷ್ಣನದು ಬಳ್ಳಾರಿಯೇ. ಈಗ ಗೋಥೆನ್‌ಬರ್ಗ್‌ನ ಲಿಂಡ್‌ಹೋಲ್ಮೆನ್‌ನಲ್ಲಿ ಕಾರಿನ ಬ್ರೇಕಿಗೆ ಸಾಫ್ಟ್‌ವೇರ್ ಬರೆಯುವ ಕೆಲಸ. ಬಳ್ಳಾರಿ ಎಂದ ಕೂಡಲೇ ಬಿಸಿಲು, ಗಣಿಧೂಳು ಎಂದು ನಗುವ ಬೆಂಗಳೂರಿನ ಸಹೋದ್ಯೋಗಿಗಳ ಬಾಯಿ ಮುಚ್ಚಿಸಲು ಅವನಿಗೊಬ್ಬ ದೊಡ್ಡ ಮನುಷ್ಯ ಬೇಕಿತ್ತು. ಹುಡುಕಿದ, ಪೆಂಬರ್ಟನ್ ಸಿಕ್ಕಿದ. ಜೀವನಚರಿತ್ರೆ ಬರೆಯತೊಡಗಿದ ಮೇಲೆ ಮನೆಯಲ್ಲೂ ಅವನ ಮಾತಿನ ಧಾಟಿಯೇ ಬದಲಾಯಿತು. ಮಗಳು ಇಳಾ ಇನ್ನೊಂದು ದಾಲ್ಚಿನ್ನಿ ಬನ್ ಕೇಳಿದರೆ "ಅರ್ಜಿ ವಜಾ" ಎನ್ನುವನು. ಮಗು "ಮೆನ್ ಪಾಪಾ!", ಅಂದರೆ 'ಆದ್ರೆ ಅಪ್ಪಾ', ಎಂದು ಸ್ವೀಡಿಷ್‌ನಲ್ಲೇ ಮೇಲ್ಮನವಿ ಸಲ್ಲಿಸಿ, ಅಡುಗೆಮನೆಗೆ ಬಂದು ನಳಿನಿಯ ಕೈಯಿಂದ ಬನ್ ತಿಂದು ಹೋಗುತ್ತಿತ್ತು.

ನಳಿನಿಗೆ ಮಾತ್ರ ಹಾಗೆ ಮೇಲ್ಮನವಿ ಒಯ್ಯಲು ಅಂಥ ಅಡುಗೆಮನೆ ಯಾವುದೂ ಇರಲಿಲ್ಲ. ಬೆಂಗಳೂರಿನಲ್ಲಿ ಟರ್ಬೈನ್ ಬ್ಲೇಡುಗಳ ಬಿರುಕು ಹುಡುಕುತ್ತಿದ್ದ ಎಂಜಿನಿಯರ್ ಅವಳು. ಇಲ್ಲಿಗೆ ಬಂದ ಮೇಲೆ ನಗರಸಭೆಯವರ ತರಗತಿಯಲ್ಲಿ ಹಟ ಹಿಡಿದು ಸ್ವೀಡಿಷ್ ಕಲಿತಳು, ಅರ್ಜಿಯ ಮೇಲೆ ಅರ್ಜಿ ಹಾಕಿದಳು. ಕೊನೆಗೆ ಟ್ರೋಲ್‌ಹೆಟ್ಟನ್‌ನ ವಿಮಾನ ಎಂಜಿನ್ ಕಾರ್ಖಾನೆಯವರು ಕೆಲಸ ಕೊಡುತ್ತೇವೆ ಎಂದಿದ್ದರು. ಸೋಮವಾರದೊಳಗೆ ಒಪ್ಪಿಗೆ ಹೇಳಬೇಕು. ರೈಲಿನಲ್ಲಿ ಹೋಗಿ ಬರಬಹುದಾದ ದೂರ. ಇಳಾಳನ್ನು ಶಾಲೆಯಿಂದ ಕರೆತರುವ ಕೆಲಸ ಮಾತ್ರ ಅನಂತಕೃಷ್ಣನ ಪಾಲಿಗೆ ಬರುತ್ತಿತ್ತು.

"ರೀ, ಟ್ರೋಲ್‌ಹೆಟ್ಟನ್ ವಿಷ್ಯ ಸ್ವಲ್ಪ ಕೂತ್ಕೊಂಡು ಮಾತಾಡ್ಬೇಕು."

"ಶನಿವಾರ ಬುಕ್ ರಿಲೀಸ್ ಆಗ್ಲಿ ನಳಿನಿ. ಈಗ ಗ್ರಹಣದ ಚಾಪ್ಟರ್‌ದು ಪ್ರೂಫ್ ನೋಡ್ಕೊಡು, ಪ್ರಿಂಟರ್ ಕಾಯ್ತಿದಾನೆ."

ನೋಡಿದಳು. ಪುಸ್ತಕದಲ್ಲಿ ಅನಂತಕೃಷ್ಣ ಅತಿ ಹೆಚ್ಚು ಪ್ರೀತಿಯಿಂದ ಬರೆದ ಅಧ್ಯಾಯ ಅದು. ಮಧ್ಯಾಹ್ನ ಸೂರ್ಯಗ್ರಹಣ, ಸಾಹೇಬ ಬೆಳಗಿನಲ್ಲೇ ಬಾಕಿಯಿದ್ದ ಡಕಾಯಿತಿ ಮೊಕದ್ದಮೆಯನ್ನು ಮುಗಿಸಿ, ನಾಲ್ವರಿಗೂ ಕರಿನೀರಿನ ಶಿಕ್ಷೆ ಬರೆದು, ಮಾಳಿಗೆ ಹತ್ತಿದ. ಅಲ್ಲಿ ಅವನು ಬಿಡಿಸಿದ ಗ್ರಹಣದ ಚಿತ್ರ ಲಂಡನ್ನಿನವರೆಗೂ ಹೋಯಿತು. ಅಧ್ಯಾಯದ ಹೆಸರು 'ವಿಜ್ಞಾನಿಯ ವೇಗ'. ನಳಿನಿ ಒಂದು ಕಾಗುಣಿತ ತಿದ್ದಿ, ಮುಂದಿನ ಸಾಲಿಗೆ ಹೋಗಲಾರದೆ ನಿಂತಳು.

"ರೀ, ಗ್ರಹಣದ ದಿನ ಸಾಕ್ಷಿಗಳು ಕೋರ್ಟಿಗೆ ಬಂದಿದ್ರಾ?"

"ಎಲ್ಲಿ ಬರ್ತಾರೆ? ಎಲ್ಲಾ ಉಪವಾಸ, ಬಾಗಿಲು ಹಾಕ್ಕೊಂಡು ಮನೇಲಿ. ಅದೇ ತಾನೆ ಪಾಯಿಂಟು! ಸಾಹೇಬ್ರು ಮೂಢನಂಬಿಕೆಗೆ ಸೊಪ್ಪು ಹಾಕ್ಲಿಲ್ಲ. ಕೇಸ್ ಮುಂದಕ್ಕೆ ಹಾಕ್ಲಿಲ್ಲ."

"ಆ ನಾಲ್ಕು ಜನ ಏನಾದ್ರು?"

"ಯಾವ ನಾಲ್ಕು ಜನ?" ಎಂದ ಅನಂತಕೃಷ್ಣ, ನಿಜವಾಗಿಯೂ ಅರ್ಥವಾಗದೆ.

ಶನಿವಾರ ಬಂತು. ಕನ್ನಡ ಬಳಗದವರು ಬಾಡಿಗೆಗೆ ಹಿಡಿದಿದ್ದ ಸಭಾಂಗಣದ ಗೋಡೆಯ ಮೇಲೆ, ಕಾರ್ಯಕ್ರಮ ಮುಗಿದ ಮೇಲೆ ನೆಲ ಒರೆಸಿ ಹೋಗತಕ್ಕದ್ದು ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ಮುಖ್ಯ ಅತಿಥಿ ಯೋನ್‌ಶೋಪಿಂಗ್‌ನಿಂದ ಬಂದ ಲೆನಾರ್ಟ್ ಎಂಬ ನಿವೃತ್ತ ಮೇಷ್ಟ್ರು. ಪೆಂಬರ್ಟನ್ನನ ತಂಗಿ ಮದುವೆಯಾಗಿ ಸ್ವೀಡನ್ನಿಗೆ ಬಂದಿದ್ದಳು, ಇವನು ಅವಳ ಮರಿಮಗ. ಅವನನ್ನು ಪತ್ತೆ ಹಚ್ಚಿದ ದಿನ ಅನಂತಕೃಷ್ಣ ಮನೆಯಲ್ಲಿ ಪಾಯಸ ಮಾಡಿಸಿದ್ದ.

ಕಾರ್ಯಕ್ರಮಕ್ಕೆ ಮುಂಚಿನ ಫೀಕಾದಲ್ಲಿ, ಅಂದರೆ ಕಾಫಿ-ಬನ್ನಿನ ಬಿಡುವಿನಲ್ಲಿ, ಲೋಟ ಹಿಡಿದು ಬಳಗದ ಅಧ್ಯಕ್ಷ ಯೋಗೀಶ ನಳಿನಿಯ ಹತ್ತಿರ ಬಂದ. ಟ್ರೋಲ್‌ಹೆಟ್ಟನ್‌ನ ಅದೇ ಕಾರ್ಖಾನೆಯಲ್ಲಿದ್ದವನು, ಅವಳ ಹೆಸರು ಮುಂದಿಟ್ಟವನೂ ಅವನೇ.

"ಏನ್ರೀ ನಳಿನಿ, ಅಷ್ಟು ಒಳ್ಳೇ ಚಾನ್ಸ್ ಬಿಟ್‌ಬಿಟ್ರಲ್ಲ. ನಿಮಗೆ ಇಂಟ್ರೆಸ್ಟ್ ಇಲ್ಲ ಅಂತ ಅನಂತ ಹೇಳ್ದ. ಸೋಮವಾರ ನಮ್ಮ ಬಾಸ್‌ಗೆ ತಿಳಿಸ್ತೀನಿ, ಬೇಜಾರ್ ಮಾಡ್ಕೋಬೇಡಿ."

ನಳಿನಿಯ ಮೈ ಉರಿದುಹೋಯಿತು. ಸಿಟ್ಟಿಗಿಂತ ಹೆಚ್ಚಾಗಿ ಅವಮಾನ. ವಿಚಾರಣೆಯಾಗಿದೆ, ತೀರ್ಪಾಗಿದೆ, ಅವಳನ್ನು ಮಾತ್ರ ಯಾರೂ ಕರೆದಿರಲಿಲ್ಲ.

"ಇನ್ನೂ ತಿಳಿಸ್ಬೇಡಿ ಯೋಗೀಶ್" ಎಂದಷ್ಟೇ ಹೇಳಿದಳು.

ವೇದಿಕೆಯ ಮೇಲೆ ಲೆನಾರ್ಟ್ ತಲೆಗೆ ಮೈಸೂರು ಪೇಟ ಏರಿತು, ಹೆಗಲಿಗೆ ಶಾಲು, ಕೈಗೆ ಹಣ್ಣಿನ ತಟ್ಟೆ. ಪೇಟ ಕಣ್ಣಿನ ಮೇಲೆ ಜಾರುತ್ತಿದ್ದರೂ ಆತ ಗಂಭೀರವಾಗಿ ಸ್ವೀಡಿಷ್‌ನಲ್ಲಿ ಮಾತಾಡಿದ. ಪರರ ನಾಡಿಗೆ ಹೋಗಿ ತಮ್ಮ ಮನೆತನದವನೊಬ್ಬ ಜನರಿಗೆ ಶಿಕ್ಷೆ ವಿಧಿಸಿದ್ದು ಹೆಮ್ಮೆಯ ಸಂಗತಿಯಲ್ಲ, ಈ ಸನ್ಮಾನಕ್ಕಲ್ಲ, ಕ್ಷಮೆ ಕೇಳಲು ಬಂದಿದ್ದೇನೆ ಎಂದ. ಮುದುಕ ಶಾಲಿನ ತುದಿಯಿಂದ ಕಣ್ಣೊರೆಸಿಕೊಂಡ.

ಅನಂತಕೃಷ್ಣ ಮೈಕಿಗೆ ಬಾಗಿ ಕನ್ನಡಕ್ಕೆ ತಂದ: "ತಮ್ಮ ಪೂರ್ವಜರ ಸಾಧನೆ ಕೇಳಿ ಇವರಿಗೆ ಆನಂದಬಾಷ್ಪ ಬಂದಿದೆ!"

ಸಭೆಯಲ್ಲಿ ಸ್ವೀಡಿಷ್ ಬಲ್ಲವರು ಕಡಿಮೆ. ಜೋರು ಚಪ್ಪಾಳೆ. ಕ್ಷಮೆಗೂ ಚಪ್ಪಾಳೆ ತಟ್ಟುವ ಜನ ಇವರು ಎಂದು ಲೆನಾರ್ಟ್ ಕಕ್ಕಾಬಿಕ್ಕಿಯಾಗಿ ಕೈಮುಗಿದ. ಪ್ರಶ್ನೋತ್ತರ ಇತ್ತು, ಆದರೆ ಲೇಖಕರ ಭಾಷಣವೇ ಅದನ್ನು ನುಂಗಿಹಾಕಿತು. ಉಳಿದದ್ದು ವಂದನಾರ್ಪಣೆ. ಕಾರ್ಯಕ್ರಮದ ಪಟ್ಟಿಯಲ್ಲಿ ಅದನ್ನು ಹೆಂಡತಿಯ ಪಾಲಿಗೆ ಬರೆದವನೂ ಅನಂತಕೃಷ್ಣನೇ. ನಮ್ಮ ಸಭೆಗಳಲ್ಲಿ ವಂದನಾರ್ಪಣೆ ಎಂದರೆ ಜಾಕೆಟ್ ಹುಡುಕಿಕೊಳ್ಳುವ ಹೊತ್ತು. ಯಾರೂ ಕೇಳುವುದಿಲ್ಲ, ಹಾಗೆಂದು ತಡೆಯುವುದಕ್ಕೂ ಯಾರಿಗೂ ಬಾಯಿ ಬರುವುದಿಲ್ಲ.

ನಳಿನಿ ಮೈಕ್ ಹಿಡಿದಳು. ಪ್ರಾರ್ಥನೆ ಹಾಡಿದವರಿಗೆ, ಪುಳಿಯೋಗರೆ ಮಾಡಿದವರಿಗೆ, ಕುರ್ಚಿ ಜೋಡಿಸಿದವರಿಗೆ ವಂದನೆ ಹೇಳಿದಳು. ಜನ ಏಳತೊಡಗಿದರು.

"ಲೆನಾರ್ಟ್ ಅವರಿಗೆ ವಂದನೆಗಳು. ಅವರು ಇವತ್ತು ಹೇಳಿದ್ದು ಆನಂದದ ಮಾತಲ್ಲ. ಕ್ಷಮೆ ಕೇಳಿದರು." ಎದ್ದವರು ಅಲ್ಲಲ್ಲೇ ನಿಂತರು. "ಗ್ರಹಣದ ದಿನ ಸಾಕ್ಷಿಯಿಲ್ಲದೆ ಶಿಕ್ಷೆಯಾದ ನಾಲ್ಕು ಜನರಿಗೂ ವಂದನೆಗಳು. ಅವರ ಹೆಸರು ಹೇಳೋಣ ಅಂದರೆ ಪುಸ್ತಕದಲ್ಲಿಲ್ಲ. ಜೀರುಂಡೆಯ ಹೆಸರು ಇದೆ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕು ಕೆಮ್ಮಿದರು. ಅನಂತಕೃಷ್ಣ ಗೋಡೆಯ ಗಡಿಯಾರದತ್ತ ಬೆರಳು ಮಾಡಿದ.

"ಕೊನೆಯದಾಗಿ ಯೋಗೀಶ್ ಅವರಿಗೆ ವಂದನೆ. ಟ್ರೋಲ್‌ಹೆಟ್ಟನ್ ಕೆಲಸ ನಾನು ಒಪ್ಪಿಕೊಂಡಿದ್ದೇನೆ. ಸೋಮವಾರ ನಾನೇ ತಿಳಿಸುತ್ತೇನೆ. ಇಳಾಳನ್ನು ಶಾಲೆಯಿಂದ ಕರೆತರಲು ಒಪ್ಪಿದ ನನ್ನ ಯಜಮಾನರಿಗೂ ಮುಂಗಡವಾಗಿ ವಂದನೆಗಳು. ಕಾರ್ಯಕ್ರಮ ಮುಗಿಯಿತು."

ಈ ಸಲದ ಚಪ್ಪಾಳೆ ಹೆಂಗಸರ ಕಡೆಯಿಂದ ಎದ್ದಿತು. ಲೆನಾರ್ಟ್ ಪೇಟ ತೆಗೆದು, ಪಕ್ಕದವರು ಮಾತು ವಿವರಿಸಿದ ಮೇಲೆ, ತಾನೂ ಸೇರಿಕೊಂಡ. ಹೋಗುವಾಗ ನಳಿನಿಯ ಕೈ ಹಿಡಿದು "ತಕ್" ಎಂದು ಧನ್ಯವಾದ ಹೇಳಿದ.

ಸಭಾಂಗಣ ಖಾಲಿಯಾಯಿತು. ನೆಲ ಒರೆಸುವ ಕೋಲು ಲೇಖಕರ ಕೈಗೇ ಬಂದಿತ್ತು. ಅನಂತಕೃಷ್ಣನ ಮುಖ ಕಪ್ಪಿಟ್ಟಿತ್ತು.

"ಅಷ್ಟು ಜನರ ಮುಂದೆ... ನನ್ನನ್ನ ಒಂದ್ ಮಾತು ಕೇಳ್ಬಾರ್ದಿತ್ತಾ ನಳಿನಿ?"

ಇಳಾಳ ಜಾಕೆಟ್ಟಿನ ಜಿಪ್ ಎಳೆಯುತ್ತಿದ್ದ ನಳಿನಿ ತಲೆಯೆತ್ತಿದಳು. ಅವನನ್ನು ಕಂಡು ಅವಳಿಗೆ ಪಾಪ ಅನ್ನಿಸಿತು, ಆದರೆ ಮಾತು ವಾಪಸ್ ತೆಗೆದುಕೊಳ್ಳುವಷ್ಟಲ್ಲ.

"ಆ ನಾಲ್ಕು ಜನಾನೂ ಸಾಹೇಬರಿಗೆ ಇದೇ ಮಾತು ಹೇಳಿರ್ತಾರೆ ರೀ" ಎಂದು, ಮಗಳ ಕೈ ಹಿಡಿದುಕೊಂಡು ಟ್ರಾಮಿಗೆ ಹೊರಟಳು.