ವಲ್ಲಿಯ ಕೆಳಗೆ ಎಷ್ಟು ಬೆರಳು

೧

ಎಲ್ಲಿಂದ ಶುರು ಮಾಡಲಿ? ಕಂಬದಿಂದ ಮಾಡಬಹುದು. ಕಂಪ್ಲಿಯ ಮರದ ವ್ಯಾಪಾರಿ ದೊಡ್ಡಬಸಪ್ಪ ಮನೆಯೊಳಗೆ ಬಂದವನೇ ಬೆರಳ ಗೆಣ್ಣಿನಿಂದ ಕಂಬಕ್ಕೆ ಟಕಟಕ ಬಡಿದ. ಕಂಬ ಆರು, ತೊಲೆ ಎರಡು, ಬಾಗಿಲು ಮೂರು ಅಂತ ಗಟ್ಟಿಯಾಗಿ ಎಣಿಸಿದ. ಗೋಡೆ ಕಡೆ ನೋಡಲೂ ಇಲ್ಲ.

(ಮೊದಲ ಡ್ರಾಫ್ಟ್‌ನಲ್ಲಿ ಇದಕ್ಕೂ ಮುಂಚೆ ಎರಡು ಪುಟ ತುಂಗಭದ್ರೆಯ ವರ್ಣನೆ ಇತ್ತು. ಹರಿದು ಹಾಕಿದೆ. ಮನೆ ಮಾರುವವರಿಗೆ ಹೊಳೆ ನೋಡುತ್ತ ಕೂರಲು ಪುರುಸೊತ್ತು ಇರುವುದಿಲ್ಲ.)

೨

ಬೇಕಾದ ಮಾಹಿತಿಯನ್ನೆಲ್ಲ ಈಗಲೇ ಕೊಟ್ಟುಬಿಡುತ್ತೇನೆ. ಆಮೇಲೆ ಬಯ್ಯಬೇಡಿ.

ಇಸವಿ ೧೯೪೫. ಊರು ಮರಿಯಮ್ಮನಹಳ್ಳಿ. ಹೊಸಪೇಟೆ ಹತ್ತಿರ ಹೊಳೆಗೆ ಕಟ್ಟೆ ಕಟ್ಟುತ್ತಾರೆ, ನೀರು ಇಲ್ಲಿತನಕ ಬರುತ್ತದೆ ಅಂತ ಸುದ್ದಿ. ಯಾವ ಓಣಿತನಕ, ಯಾವ ವರ್ಷ, ಊರಲ್ಲಿ ಯಾರಿಗೂ ಗೊತ್ತಿಲ್ಲ. ಮುಳುಗುವ ಮನೆಗೆ ಬೆಲೆ ಇಲ್ಲ. ಅದರ ಸಾಗವಾನಿಗೆ ಇದೆ.

ಮನೆ ಕೊಟ್ರಬಸಮ್ಮನದು, ತಾಯಿ ಕಡೆಯಿಂದ ಬಂದದ್ದು. ಅವಳಿಗೆ ನಲವತ್ತು. ಎತ್ತಿನ ದಲ್ಲಾಳಿಯಾಗಿದ್ದ ಗಂಡ ಸತ್ತು ಮೂರು ವರ್ಷ. ನೀರು ಬಾರದ ಕಡೆ, ಚಿತ್ತವಾಡ್ಗಿಯಲ್ಲಿ, ಸಂಗಮ್ಮ ಎಂಬಾಕೆ ತನ್ನ ಎರಡಂಕಣದ ಮನೆಯನ್ನು ಮುನ್ನೂರೈವತ್ತಕ್ಕೆ ಕೊಡುತ್ತೇನೆ ಅಂದಿದ್ದಾಳೆ. ಅಮಾವಾಸ್ಯೆತನಕ ಕಾಯುತ್ತಾಳೆ, ಆಮೇಲೆ ಬೇರೆಯವರಿಗೆ. ಅದು ತಪ್ಪಿದರೆ ಕೊಟ್ರಬಸಮ್ಮ ಮೈದುನ ಉಜ್ಜಿನಪ್ಪನ ಮನೆ ಸೇರಬೇಕು. ಗಂಡ ಸತ್ತ ಹೊಸದರಲ್ಲಿ ಅಲ್ಲಿ ಆರು ತಿಂಗಳು ಇದ್ದಳು. ಹದಿಮೂರು ಜನಕ್ಕೆ ರೊಟ್ಟಿ ಬಡಿದು, ಉಳಿದರೆ ಉಣ್ಣುತ್ತಿದ್ದಳು. ಇದಕ್ಕಿಂತ ಹೆಚ್ಚು ವಿವರ ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

೩

“ಎರಡು ಕಂಬಕ್ಕ ಹುಳ ಹತ್ತೈತ್ರಿ,” ಅಂದ ದೊಡ್ಡಬಸಪ್ಪ.

“ಯಾವ ಎರಡು?” ಕೊಟ್ರಬಸಮ್ಮ ಕೇಳಿದಳು.

“ಯಾವರ ಎರಡು.”

“ಮತ್ತ ಗೋಡಿ?”

“ಗೋಡಿ ಮಣ್ಣಲ್ಲೇನವ್ವಾ. ಮಣ್ಣಿಗೆ ರೊಕ್ಕ ಕೊಟ್ರ ನನ್ನ ಹೆಂಡ್ತಿ ನನ್ನನ್ನ ಅದರಾಗ ಹುಗೀತಾಳ.”

“ಹಂಗಾರ ಕಂಬ ಇಷ್ಟು ವರ್ಷ ಗಾಳ್ಯಾಗ ನಿಂತಿದ್ವೇನು?”

“ಸರ್ಕಾರ ಪರಿಹಾರ ಕೊಡ್ತೈತಂತ. ಬೇಕಾರ ಕಾಯ್ರಿ.”

“ಯಾವಾಗ ಕೊಡ್ತೈತಿ?”

“ಕೊಟ್ಟಾಗ.”

ಅತ್ತಿಗೆಯ ಪರವಾಗಿ ಬಂದು ಕೂತಿದ್ದ ಉಜ್ಜಿನಪ್ಪ ನಕ್ಕ. ಕೊಳ್ಳುವವನ ಜೋಕಿಗೆ ಮಾರುವವರ ಕಡೆಯವನು ನಗುವುದನ್ನು ನೀವು ನೋಡಿದ್ದೀರಾ?

೪

ದೊಡ್ಡಬಸಪ್ಪ ಮೊದಲು ಎತ್ತಿನ ವ್ಯಾಪಾರಿ. ಈಗ ಮನೆಯನ್ನೂ ಎತ್ತಿನ ಹಾಗೇ ಕೊಳ್ಳುತ್ತಿದ್ದ. ಹೆಗಲ ಮೇಲಿನ ವಲ್ಲಿಯನ್ನು ಇಬ್ಬರ ಕೈಗಳ ಮೇಲೆ ಹೊಚ್ಚಿ, ಒಳಗೆ ಬೆರಳು ಹಿಡಿಯುವುದು. ಬೆರಳಿಗೆ ನೂರು, ಅಂಗೈ ಗೀರಿದರೆ ಐವತ್ತು. ಬಾಯಿಂದ ರೇಟು ಬರುವುದಿಲ್ಲ. ಪಕ್ಕದಲ್ಲಿ ನಿಂತವರಿಗೂ ತಿಳಿಯುವುದಿಲ್ಲ. ಹೆಂಗಸು ಪರಗಂಡಸಿನ ಕೈ ಹಿಡಿಯುವಂತಿಲ್ಲ. ಹೀಗಾಗಿ ಕೊಟ್ರಬಸಮ್ಮನ ಮನೆಗೆ ಉಜ್ಜಿನಪ್ಪನ ಕೈ.

ಕೈಗಳು ಒಳಗೆ ಹೋದವು. ಬಹಳ ಹೊತ್ತು ಇದ್ದವು. ಹೊರಗೆ ಬಂದವು.

“ಎರಡು ನೂರು, ಅತ್ತಿಗಿ. ಮ್ಯಾಲ ಏರವಲ್ಲ,” ಅಂದ ಉಜ್ಜಿನಪ್ಪ.

ಅವಳ ಗಂಡ ಊಟಕ್ಕೆ ಕೂತಾಗ ಒಮ್ಮೆ ಹೇಳಿದ್ದ: ತೀರ ಕಡಿಮೆ ಕೇಳಿದರೆ ಕೈ ತಾನಾಗೇ ಹಿಂದಕ್ಕೆ ಬರುತ್ತದೆ, ಎಂಥ ಪಳಗಿದ ದಲ್ಲಾಳಿಯ ಭುಜವೂ ಕದಲುತ್ತದೆ. ಉಜ್ಜಿನಪ್ಪನ ಭುಜ ಒಮ್ಮೆಯೂ ಕದಲಿರಲಿಲ್ಲ.

೫ (ಕೈಬಿಟ್ಟದ್ದು)

ಈ ಜಾಗದಲ್ಲಿ ಅವಳು ಕಂಬ ಅಪ್ಪಿಕೊಂಡು ಅಳುವ ಹಾಗೆ ಬರೆದಿದ್ದೆ.

“ಅತ್ರ ರೇಟು ಏರ್ತೈತೇನು?” ನನ್ನನ್ನೇ ಕೇಳಿದಳು.

“ಇಲ್ಲ. ಓದುಗರಿಗೆ ಹಿಡಿಸುತ್ತದೆ.”

“ಅವರೇನು ಮನಿ ಕೊಳ್ತಾರೇನು?”

ಕಟ್ ಮಾಡಿದೆ.

೬

“ವಲ್ಲಿ ಇಲ್ಲಿ ಹಾಕ್ರಿ,” ಕೊಟ್ರಬಸಮ್ಮ ದೊಡ್ಡಬಸಪ್ಪನ ಮುಂದೆ ಬಲಗೈ ಚಾಚಿದಳು.

ಉಜ್ಜಿನಪ್ಪ ಎದ್ದು ನಿಂತ. “ತಲಿ ಕೆಟ್ಟೈತೇನು? ಯಾರರ ನೋಡಿದ್ರ?”

“ವಲ್ಲಿ ಹೊಚ್ಚಿರ್ತೈತಿ. ಕಾಣೂದಿಲ್ಲ.”

“ಅಂದ್ರ ನನ್ನ ಮ್ಯಾಲ ನಂಬಿಕಿಲ್ಲ.”

“ಇದ್ದಿದ್ರ ಕೈ ಚಾಚ್ತಿದ್ನೇನು?”

“ಭಾಳ ಚಲೋ ಆತು. ಇವತ್ತಿಂದ ನಮ್ಮನಿ ಹೊಸ್ತಿಲ ತುಳೀಬ್ಯಾಡ.” ಉಜ್ಜಿನಪ್ಪ ಚಪ್ಪಲಿ ಮೆಟ್ಟಿಕೊಂಡು ಹೋದ. ಹಿಂತಿರುಗಿ ನೋಡಲಿಲ್ಲ.

ದೊಡ್ಡಬಸಪ್ಪ ಬಾಗಿಲು ನೋಡಿದ, ಕಂಬ ನೋಡಿದ. ಕಂಬ ಬಿಡಲು ಮನಸ್ಸಾಗಲಿಲ್ಲ. ವಲ್ಲಿ ಹೊಚ್ಚಿದ.

೭

ಒಳಗೆ ಎಷ್ಟು ಬೆರಳು? ಬರೆಯುತ್ತಿರುವವನು ನಾನು, ಆದರೂ ನನಗೆ ಕಾಣುತ್ತಿಲ್ಲ. ಊಹೆಗಳನ್ನು ಕೊಡುತ್ತೇನೆ.

(ಅ) ನಾಲ್ಕು. ಉಜ್ಜಿನಪ್ಪ ಅರ್ಧ ನುಂಗಲು ನೋಡಿದ್ದ. ಅವಳಿಗೆ ಚಿತ್ತವಾಡ್ಗಿ ಮನೆ. ನಿಮಗೆ ಈ ಕ್ಲೈಮ್ಯಾಕ್ಸ್ ಬೇಕು, ಗೊತ್ತು.

(ಆ) ಎರಡು. ಉಜ್ಜಿನಪ್ಪ ಸುಳ್ಳು ಹೇಳಿರಲಿಲ್ಲ. ಮನೆ ಎಷ್ಟಕ್ಕೆ ಹೋದರೂ ಅವನಿಗೆ ಅಷ್ಟೇ, ಅದಕ್ಕೇ ಭುಜ ಕದಲಲಿಲ್ಲ. ಈಗ ಅವಳಿಗೆ ಚಿತ್ತವಾಡ್ಗಿಯೂ ಇಲ್ಲ, ಮೈದುನನ ಅಡುಗೆಮನೆಯೂ ಇಲ್ಲ.

(ಇ) ಒಂದು. ಹೆಂಗಸು, ಹಿಂದೆ ಯಾರೂ ಇಲ್ಲ ಅಂತ ಗೊತ್ತಾಯಿತಲ್ಲ, ಇನ್ನೂ ಇಳಿಸಿದ. ಬರೆದ ಮೇಲೆ ಮೂರರಲ್ಲಿ ಇದೇ ಹೆಚ್ಚು ನಿಜ ಅನಿಸುತ್ತಿದೆ. ಹಾಗೆ ಅನಿಸಿದ್ದಕ್ಕೆ ನನ್ನ ಮೇಲೆ ನನಗೇ ಸಿಟ್ಟು.

೮

“ಎಷ್ಟು ಹಿಡಿದ?” ಅವಳನ್ನೇ ಕೇಳಿದೆ.

“ನೀ ಸುಮ್ನಿರಪಾ. ನಿನಗ ಹೇಳಿದ್ರ ನೀ ಊರಿಗೆಲ್ಲ ಹೇಳ್ತಿ.”

ದೊಡ್ಡಬಸಪ್ಪ ವಲ್ಲಿಯ ಕೆಳಗಿಂದ ಕೈ ಎಳೆದುಕೊಳ್ಳಲು ನೋಡಿದ. ಹೊರಗಿಂದ ಬಂಡಿಯವನು ಕೂಗಿದ.

“ಕೈ ಬಿಡ್ರವ್ವಾ. ಬಂಡಿ ಹೊಂಟೈತಿ,” ಅಂದ ದೊಡ್ಡಬಸಪ್ಪ.

“ಹೋಗ್ಲಿ.”

“ಹಿಂಗ್ಯಾಕ ಹಿಡಿದೀರಿ? ಯಾರರ ಬಂದ್ರ ನನ್ನ ಮರ್ಯಾದಿ ಏನು?”

“ಬರ್ಲಿ. ಮೂರು ಬೆರಳು ಹಿಡದು ಅಂಗೈ ಗೀರೂತನ ನಾ ಬಿಡೂದಿಲ್ಲ.”

ಹಾಗಾದರೆ (ಅ) ಅಲ್ಲ. ನನಗೆ ತಿಳಿದದ್ದು ಅಷ್ಟೇ. ನಾಲ್ಕನೆಯ ಅಂತ್ಯವನ್ನು ನನ್ನಿಂದ ಕೇಳಬೇಡಿ. ಅವನು ಇನ್ನೂ ಗೀರಿಲ್ಲ. ಅವಳು ಇನ್ನೂ ಬಿಟ್ಟಿಲ್ಲ. ಓಣಿಯಲ್ಲಿ ಯಾರೋ ಬರುತ್ತಿದ್ದಾರೆ.