ಪ್ರಾಧ್ಯಾಪಕರ ಬೆರಳಿನ ಸಕ್ಕರೆ

ಬೆಳಗಾವಿಯ ಹಿಂದವಾಡಿಯ ಪ್ರಾಧ್ಯಾಪಕ ಮಧುಕರ ಅವರಿಗೆ ಊರಿನ ಎಲ್ಲರ ರಕ್ತದ ಮೇಲೂ ಅನುಮಾನ, ತಮ್ಮದೊಂದನ್ನು ಬಿಟ್ಟು. ಮದುವೆ ಊಟದಲ್ಲಿ ಎದುರಿಗೆ ಕೂತವರಿಗೆ "ಶುಗರ್ ಚೆಕ್ ಮಾಡಿಸೀರೇನು?" ಎಂದು ಉಪದೇಶಿಸಿ, ತಾವು ಮತ್ತೊಮ್ಮೆ ಹಾಲಿನ ಸಿಹಿ ಕುಂದಾ ಹಾಕಿಸಿಕೊಳ್ಳುವುದು ಅವರ ಪದ್ಧತಿ.

ಅವರ ಕೈಕೆಳಗೆ ಪಿಎಚ್‌ಡಿ ಮಾಡುತ್ತಿದ್ದ ಐಶ್ವರ್ಯಾ, ಸಕ್ಕರೆ ಅಳೆಯುವ ಹೊಸ ಪಟ್ಟಿಯೊಂದನ್ನು ತಯಾರಿಸಿದ್ದಳು. ಪಟ್ಟಿಯ ತುದಿಗೆ ಹಚ್ಚಿದ ಕಿಣ್ವ ರಕ್ತದ ಸಕ್ಕರೆಯನ್ನು ಮುಟ್ಟಿದರೆ ಎಳ್ಳಷ್ಟು ವಿದ್ಯುತ್ ಹರಿಯುತ್ತದೆ. ಸಕ್ಕರೆ ಹೆಚ್ಚಾದಷ್ಟೂ ವಿದ್ಯುತ್ ಹೆಚ್ಚು. ಯಂತ್ರ ಅದನ್ನು ಅಂಕಿ ಮಾಡಿ ತೋರಿಸುತ್ತದೆ. ವರ್ಷಗಟ್ಟಲೆ ದುಡಿದವಳು ಅವಳು, "ನನ್ನ ಸಂಶೋಧನೆ" ಎಂದವರು ಇವರು.

ಖಾನಾಪುರದ ಆರೋಗ್ಯ ಶಿಬಿರದಲ್ಲಿ ಅದರ ಪ್ರದರ್ಶನ. ಮಧುಕರ ಅವರ ಭಾಷಣ ಮುಗಿದರೂ ಒಬ್ಬರೂ ಬೆರಳು ಕೊಡಲು ಮುಂದೆ ಬರಲಿಲ್ಲ. ಮುಂದಿನ ಸಾಲಿನ ಬಾಳವ್ವ ಎಂಬ ಮುದುಕಿ ಕೂತಲ್ಲಿಂದಲೇ ಹೇಳಿದಳು: "ಮೊದಲ ನೀವು ಚುಚ್ಚಿಸ್ಕೋರಿ ಸರ. ಆಮ್ಯಾಲ ನಾವು."

ಸರ್ ನಗುತ್ತ ಬೆರಳು ಚಾಚಿದರು. ಯಂತ್ರ ಮುನ್ನೂರಾ ಹನ್ನೆರಡು ತೋರಿಸಿತು. ನಗು ಅಲ್ಲೇ ನಿಂತಿತು.

"ನಾಷ್ಟಾದಾಗ ಕುಂದಾ ತಿಂದಿದ್ದೆ. ಕೈಗೆ ಹತ್ತಿರಬೇಕು," ಎಂದು ಸಾಬೂನು ಹಚ್ಚಿ ತೊಳೆದು, ಒರೆಸಿಕೊಂಡು ಬಂದರು. ಮುನ್ನೂರಾ ಒಂಬತ್ತು. ಶಿಬಿರದ ಡಾಕ್ಟರರ ಹಳೆಯ ಯಂತ್ರದಲ್ಲಿ ನೋಡಿದರು. ಅದೂ ಮುನ್ನೂರು ದಾಟಿತು.

"ಎರಡೂ ಕೆಟ್ಟಾವ," ಎಂದು ತೀರ್ಪು ಕೊಟ್ಟು ಅವರು ಅದನ್ನೇ ಸಾರಲು ಮೈಕಿನ ಕಡೆ ಹೊರಟರು. ಐಶ್ವರ್ಯಾ ಅಡ್ಡ ಬಂದಳು. ಮೊದಲ ಸಲ ಅವರಿಗೆ ಎದುರಾಡಿದಳು.

"ಸರ, ಲ್ಯಾಬಿನಾಗ ಬೇರೆಯವರ ರಕ್ತ ನೋಡಿದಾಗೆಲ್ಲಾ ಇದು ಖರೇ ಹೇಳತಿತ್ತು. ನಿಮ್ಮದಕ್ಕ ಬಂದ ಕೂಡಲೇ ಸುಳ್ಳ ಆತೇನ್ರಿ? ನಿಮ್ಮ ಕುಂದಾ ಉಳಸಾಕ ನನ್ನ ಕೆಲಸಾ ಕೊಲ್ಲಬ್ಯಾಡ್ರಿ."

ಮಧುಕರ ಅವರಿಗೆ ಸಂಜೆಯಾದರೆ ಆಗುವ ಸುಸ್ತು, ಪದೇ ಪದೇ ಬಾಯಾರಿಕೆ, ಪಾದದ ಜೋಮು, ಇವಕ್ಕೆಲ್ಲ ಇಷ್ಟು ದಿನ ವಯಸ್ಸನ್ನು ದೂರಿದ್ದು ನೆನಪಾಯಿತು. ಹೆದರಿಕೆಯೂ ಆಯಿತು. ಮೈಕು ಹಿಡಿದರು.

"ಮಶೀನ ಬರೋಬ್ಬರಿ ಐತಿ. ನಂದ ಬರೋಬ್ಬರಿ ಇಲ್ಲ. ಮಾಡಿದಾಕಿ ಈ ಹುಡುಗಿ, ಐಶ್ವರ್ಯಾ."

ಗಂಟೆಗಟ್ಟಲೆಯ ಭಾಷಣಕ್ಕೂ ಆಗದ ಕೆಲಸವನ್ನು ಆ ಮೂರು ಮಾತು ಮಾಡಿದವು. ಸಾಹೇಬರನ್ನೇ ಬಿಡದ ಯಂತ್ರ ಸುಳ್ಳು ಹೇಳಲಿಕ್ಕಿಲ್ಲ ಎಂದು ಜನ ಸಾಲುಗಟ್ಟಿದರು. ಬಾಳವ್ವನ ಸಕ್ಕರೆ ಸರಿಯಾಗಿಯೇ ಇತ್ತು. ಅವಳು ಅದನ್ನು ಮಧುಕರ ಅವರಿಗೆ ಕೇಳುವಂತೆ ಮೂರು ಸಲ ಹೇಳಿದಳು.

ಬೆಳಗಾವಿಗೆ ಹಿಂದಿರುಗುವಾಗ ಹೆಂಡತಿಯ ಫೋನು ಬಂತು.

"ಹೆಂಗಾತ್ರಿ?"

"ಮಶೀನ ಪಾಸ್ ಆತು."

"ನೀವು?"

"ನಾ ಫೇಲ್. ಮುನ್ನೂರಾ ಹನ್ನೆರಡು."

ಮರುದಿನವೇ ದವಾಖಾನೆಗೆ ಹೋಗುವುದೆಂದು ಹೆಂಡತಿ ನಿರ್ಧರಿಸಿದಳು. ಮಧುಕರ ಒಪ್ಪಿದರು, ಬೇರೆ ದಾರಿಯೂ ಇರಲಿಲ್ಲ.