ಶಕ್ತಿ ಮಾತ್ರೆಯ ಬಾಟಲಿ

ಮೊದಲ ತಟ್ಟೆ ಬ್ರೆಡ್ ಒಲೆಯಿಂದ ಹೊರಬಂದ ಮೇಲೆ ಮನೆಯವರೆಲ್ಲ ಬೇಕರಿಯ ಹಿಂದಿನ ಕೋಣೆಯಲ್ಲಿ ಕೂತು ತಿಂಡಿ ಮುಗಿಸುವುದು ವಾಡಿಕೆ. ಹೆಂಡತಿ ಹಿಟ್ಟು ನಾದುವವಳು, ಒಲೆ ನೋಡಿಕೊಳ್ಳುವವಳು. ಗಂಡ ಮುಂದಿನ ಅಂಗಡಿಯಲ್ಲಿ ಗಲ್ಲಾದ ಮೇಲೆ ಕೂರುವವನು. ಮಗ ವ್ಯಾನಿನಲ್ಲಿ ಬ್ರೆಡ್ ಹಂಚಿ ಬರುವವನು. ಸೊಸೆಗೆ ಈಗ ನಾಲ್ಕನೇ ತಿಂಗಳು. ಬೆಂದ ಹಿಟ್ಟಿನ ವಾಸನೆಗೇ ಹೊಟ್ಟೆ ತೊಳಸಿದಂತಾಗಿ ಅವಳು ಕಿಟಕಿಯ ಪಕ್ಕದ ಸ್ಟೂಲನ್ನು ಬಿಟ್ಟು ಏಳುತ್ತಿರಲಿಲ್ಲ.

ದಿನವೂ ಚಹಾ ಮುಗಿಯುವ ಹೊತ್ತಿಗೆ ಗಂಡ ಶೆಲ್ಫಿನಿಂದ ಶಕ್ತಿ ಮಾತ್ರೆಯ ಬಾಟಲಿ ಇಳಿಸಿ, ಒಂದು ಕ್ಯಾಪ್ಸೂಲನ್ನು ಹೆಂಡತಿಯ ಸಾಸರಿಗೆ ಹಾಕಿ, "ನುಂಗು, ಮರೀಬೇಡ" ಎನ್ನುತ್ತಿದ್ದ. ಹಾಗೆಂದವನು ಅಲ್ಲಿ ನಿಲ್ಲದೆ ಅಂಗಡಿಯ ಷಟರ್ ಎತ್ತಲು ಹೊರಟುಬಿಡುತ್ತಿದ್ದ. ಅವಳು ನುಂಗುವುದನ್ನು ನೋಡುತ್ತ ನಿಲ್ಲಲು ಅವನಿಂದ ಆಗುತ್ತಿರಲಿಲ್ಲ, ಏಕೆಂದರೆ ಆ ಬಾಟಲಿಯಲ್ಲಿದ್ದದ್ದು ಶಕ್ತಿ ಮಾತ್ರೆಯಲ್ಲ. ಕ್ಯಾನ್ಸರಿನ ಮಾತ್ರೆ. ಹೊಸ ಡಬ್ಬಿ ಬಂದಾಗಲೆಲ್ಲ ಅವನು ಅದನ್ನು ಅಂಗಡಿಯಲ್ಲೇ ಒಡೆದು, ಕ್ಯಾಪ್ಸೂಲುಗಳನ್ನು ಈ ಬಾಟಲಿಗೆ ಸುರಿದು, ಡಬ್ಬಿಯನ್ನು ಒಲೆಗೆ ಹಾಕುತ್ತಿದ್ದ. ಮೂರು ವಾರ ನುಂಗಿ ಒಂದು ವಾರ ಬಿಡಬೇಕಾದ ಔಷಧಿ ಅದು. ಬಿಡುವ ವಾರ ಬಂದರೆ "ಸ್ಟಾಕ್ ಇಲ್ಲವಂತೆ" ಎಂದು ಇನ್ನೊಂದು ಸುಳ್ಳು.

ವರ್ಷಗಳ ಹಿಂದೆ ಅವಳ ಎದೆಯಿಂದ ತೆಗೆದ ಗಂಟನ್ನು ಕೊಬ್ಬಿನ ಗಂಟು ಎಂದಿದ್ದ. ಈಗ ಅದು ಬೆನ್ನುಮೂಳೆಗೆ ಇಳಿದು ನೋವು ಶುರುವಾದಾಗ, ಮೂಳೆ ಸವೆದಿದೆ, ರಕ್ತ ಕಡಿಮೆಯಾಗಿದೆ ಎಂದ. ವಿಷಯ ಗೊತ್ತಿದ್ದದ್ದು ಅವನಿಗೆ ಮತ್ತು ಮಗನಿಗೆ ಮಾತ್ರ. ಬಸುರಿ ಹೆಂಗಸು ಗಾಬರಿಯಾಗುತ್ತಾಳೆ ಎಂದು ಸೊಸೆಗೂ ಹೇಳಿರಲಿಲ್ಲ. ಕೆಟ್ಟ ಮನುಷ್ಯನೇನಲ್ಲ ಅವನು. ಅವನ ಅಕ್ಕ ಆ ಕಾಯಿಲೆಯ ಹೆಸರು ಕಿವಿಗೆ ಬಿದ್ದ ದಿನವೇ ಗೋಡೆಯ ಕಡೆ ತಿರುಗಿ ಮಲಗಿದ್ದಳು. ಮತ್ತೆ ಈಚೆ ತಿರುಗಲಿಲ್ಲ. ಅದನ್ನು ಕಣ್ಣಾರೆ ಕಂಡವನು.

ತಿಂಗಳಿಗೊಮ್ಮೆ ಆಸ್ಪತ್ರೆಗೆ ಹೋದಾಗಲೂ ಅವನದೇ ಒಂದು ಏರ್ಪಾಡು. ಡಾಕ್ಟರಮ್ಮ ಪರೀಕ್ಷೆ ಮಾಡಿದ ಮೇಲೆ ಹೆಂಡತಿ ಹೊರಗೆ ಬಂದು ಬೆಂಚಿನ ಮೇಲೆ ಬ್ಯಾಗು ಹಿಡಿದು ಕೂರಬೇಕು. ಮಿಕ್ಕ ಮಾತು ಅವನೊಬ್ಬನೇ ಒಳಗೆ ಕೇಳಿಸಿಕೊಳ್ಳಬೇಕು.

ಈ ಸಲ ಒಳಗೆ ಹೋದವನಿಗೆ ಡಾಕ್ಟರಮ್ಮ ಕುರ್ಚಿ ತೋರಿಸಿ ರಕ್ತಪರೀಕ್ಷೆಯ ವರದಿಯನ್ನು ಮುಂದಿಟ್ಟರು.

"ಈ ಮಾತ್ರೆ ತಗೊಂಡವರಿಗೆ ಬಿಳಿ ರಕ್ತಕಣ ಸ್ವಲ್ಪನಾದ್ರೂ ಇಳಿಯುತ್ತೆ. ಮೊದಮೊದಲು ಇವರಿಗೂ ಇಳಿದಿತ್ತು. ಈಗ ಎರಡು ಸಲದಿಂದ ಇಳಿದೇ ಇಲ್ಲ. ಬೆನ್ನಲ್ಲಿ ಕಾಯಿಲೆ ಜಾಸ್ತಿ ಆಗಿದೆ. ಮಾತ್ರೆ ಅವರ ಹೊಟ್ಟೆಗೆ ಹೋಗ್ತಿದೆಯಾ?"

"ದಿನಾ ನಾನೇ ಕೈಯಾರೆ ಕೊಡ್ತೀನಿ ಡಾಕ್ಟರೇ."

"ನುಂಗೋದನ್ನ ನೋಡಿದೀರಾ?"

ಅವನು ಎದ್ದು ಹೊರಗೆ ಬಂದ. ಹೆಂಡತಿ ಬೆಂಚಿನ ಮೇಲೆ ಪಕ್ಕದವಳಿಗೆ ಹಿಟ್ಟು ಹುದುಗು ಬರುವ ಗುಟ್ಟು ಹೇಳಿಕೊಡುತ್ತ ಕೂತಿದ್ದಳು.

"ನೀನು ಶಕ್ತಿ ಮಾತ್ರೆ ನುಂಗ್ತಿದೀಯೋ ಇಲ್ವೋ? ನಿಜ ಹೇಳು."

ಅವಳು ತುಂಟ ಮಕ್ಕಳಂತೆ ನಕ್ಕಳು. "ಸಿಕ್ಕಿಹಾಕ್ಕೊಂಡೆ ನೋಡಿ. ಬೈಬೇಡಿ. ನಾನು ಕಲ್ಲುಗುಂಡಿನ ಹಾಗಿದೀನಿ, ನನಗ್ಯಾಕೆ ಶಕ್ತಿ? ಆ ಹುಡುಗಿ ನೋಡಿ, ತಿಂದಿದ್ದೆಲ್ಲ ಕಕ್ಕಿ ಕಡ್ಡಿಯಾಗಿದಾಳೆ. ನೀವು ಆ ಕಡೆ ಹೋದ ತಕ್ಷಣ ಅವಳ ಕೈಗೆ ಹಾಕ್ತೀನಿ."

"ಯಾವಾಗಿಂದ?"

"ಅವಳಿಗೆ ನಿಂತಿದೆ ಅಂತ ಗೊತ್ತಾದಾಗಿಂದ."

 ಅವನು ಮತ್ತೆ ಒಳಗೆ ಹೋಗಿ ನಡೆದದ್ದನ್ನು ಹೇಳಿದ. ಡಾಕ್ಟರಮ್ಮ ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು.

"ಈ ಔಷಧಿ ಏನು ಮಾಡುತ್ತೆ ಅಂತ ಮೊದಲ ದಿನವೇ ಹೇಳಿದ್ದೆ. ನಮ್ಮ ಮೈಯಲ್ಲಿ ಒಂದು ಜೀವಕೋಶ ಎರಡಾಗೋ ಮುಂಚೆ, ಹೂಂ ಮುಂದೆ ಹೋಗು ಅಂತ ತಳ್ಳೋ ಪ್ರೋಟೀನುಗಳಿವೆ. ಕ್ಯಾನ್ಸರ್ ಕೋಶದಲ್ಲಿ ಅವು ತಳ್ಳೋದನ್ನ ನಿಲ್ಲಿಸೋದೇ ಇಲ್ಲ. ಈ ಮಾತ್ರೆ ಅವನ್ನ ಹಿಡಿದು ನಿಲ್ಲಿಸುತ್ತೆ. ಆದ್ರೆ ಹೊಟ್ಟೇಲಿರೋ ಮಗು ಬೆಳೆಯೋದೂ ಹೀಗೇ, ಒಂದು ಎರಡಾಗಿ, ಎರಡು ನಾಲ್ಕಾಗಿ. ಅಲ್ಲೂ ಕೆಲಸ ಮಾಡೋದು ಇಂಥವೇ ಪ್ರೋಟೀನುಗಳು. ಮೊದಲು ಸೊಸೆಗೆ ಫೋನ್ ಮಾಡಿ. ಇಲ್ಲೇ ಮಾಡಿ."

ಅವನು ಅಲ್ಲಿಂದಲೇ ಫೋನ್ ಮಾಡಿದ. ಸೊಸೆ ಎಲ್ಲವನ್ನೂ ಕೇಳಿಸಿಕೊಂಡಳು. ಆಮೇಲೆ ಮೆಲ್ಲಗೆ, "ಮಾವ, ಅತ್ತೆಗೆ ಹೇಳ್ಬೇಡಿ" ಎಂದಳು. "ನಾನು ಒಂದೂ ನುಂಗಿಲ್ಲ. ಕ್ಯಾಪ್ಸೂಲ್ ನೋಡಿದ್ರೇನೇ ವಾಂತಿ ಬರೋದು. ಅಷ್ಟು ಪ್ರೀತಿಯಿಂದ ಕೊಡ್ತಾರೆ, ಬೇಡ ಅಂದ್ರೆ ನೊಂದ್ಕೋತಾರೆ ಅಂತ ತಗೊಂಡು ಹಳೇ ಯೀಸ್ಟ್ ಡಬ್ಬಿಗೆ ಹಾಕ್ತಿದ್ದೆ. ಎಲ್ಲ ಅಲ್ಲೇ ಇದೆ. ಗೊತ್ತಾದ್ರೆ ಅವರಿಗೆ ಬೇಜಾರಾಗುತ್ತೆ."

ಫೋನ್ ಇಟ್ಟ ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಅವಳಿಗೆ ಹೇಳಬೇಡಿ, ಹೆದರಿಕೊಳ್ಳುತ್ತಾಳೆ. ಇದೇ ಕುರ್ಚಿಯಲ್ಲಿ ಕೂತು ಅವನು ಕೈಮುಗಿದು ಬೇಡಿಕೊಂಡ ಮಾತೂ ಅದೇ ಆಗಿತ್ತು. ಮೊಮ್ಮಗು ಉಳಿದದ್ದು ಯಾರ ಜಾಣತನದಿಂದಲೂ ಅಲ್ಲ, ಒಂದು ಹುಡುಗಿಯ ವಾಕರಿಕೆಯಿಂದ. ಹೆಂಡತಿಯ ಎರಡು ತಿಂಗಳ ಔಷಧಿ ಮಾತ್ರ ಡಬ್ಬಿಯ ಪಾಲಾಗಿತ್ತು.

"ಸೊಸೆಯನ್ನೂ ಒಂದು ಸಲ ಅವರ ಡಾಕ್ಟರಿಗೆ ತೋರಿಸಿ, ನಡೆದಿದ್ದನ್ನ ಹೇಳಿ" ಎಂದು ಡಾಕ್ಟರಮ್ಮ ನೀರಿನ ಲೋಟ ಅವನ ಕಡೆ ಸರಿಸಿದರು. "ತಪ್ಪು ನನ್ನದೂ ಇದೆ. ನಿಮ್ಮ ಮಾತು ಕೇಳಿ ನಾನೂ ಅವರನ್ನ ಹೊರಗೆ ಕೂರಿಸಿದೆ. ಇವತ್ತು ಅವರಿಗೆ ಹೇಳ್ಲೇಬೇಕು. ನೀವು ಹೇಳ್ತೀರಾ, ನಾನು ಹೇಳ್ಲಾ?"

"ಸುಳ್ಳು ಹೇಳಿದವನು ನಾನು. ನಾನೇ ಹೇಳ್ತೀನಿ."

ಬೆಂಚಿನ ಮೇಲೆ ಪಕ್ಕದವಳು ಎದ್ದು ಹೋಗಿದ್ದಳು. ಅವನು ಕೂತು, ನೆಲ ನೋಡುತ್ತ, ಎಲ್ಲವನ್ನೂ ಹೇಳಿದ. ಗಂಟು, ಬೆನ್ನು, ಬಾಟಲಿ, ಸೊಸೆಯ ಡಬ್ಬಿ. ಕಾಯಿಲೆಯ ಹೆಸರನ್ನು ಕೊನೆಗೆ ಹೇಳಿದ. ಅವಳು ಆ ಹೆಸರಿಗೆ ಬೆಚ್ಚಲಿಲ್ಲ.

"ಮಗುವಿಗೆ ಏನೂ ಆಗಿಲ್ಲ ತಾನೇ?"

"ಇಲ್ಲ. ಅವಳು ನುಂಗೇ ಇಲ್ಲ."

ಅವಳು ಬ್ಯಾಗಿನ ಹಿಡಿಯನ್ನು ಬೆರಳಿಗೆ ಸುತ್ತಿಕೊಂಡಳು. ಕಣ್ಣಲ್ಲಿ ನೀರಿತ್ತು, ಆದರೆ ಅದು ಕಾಯಿಲೆಗಾಗಿ ಬಂದ ನೀರಲ್ಲ.

"ಅವಳು ನುಂಗಿದ್ರೆ? ನನ್ನ ಕೈಯಾರೆ ನಾನೇ ಕೊಟ್ಟಿದ್ನಲ್ರೀ. ಆ ಪಾಪ ಯಾರ ತಲೆಗೆ ಬರ್ತಿತ್ತು?"

"ನನ್ನ ತಲೆಗೆ" ಎಂದ ಅವನು. "ಅಕ್ಕನ ಹಾಗೆ ನೀನೂ ಗೋಡೆ ಕಡೆ ತಿರುಗಿಬಿಡ್ತೀಯ ಅಂತ ಹೆದರಿದ್ದೆ ಕಣೇ."

"ನಾನು ನಿಮ್ಮಕ್ಕ ಅಲ್ಲ. ಇಷ್ಟು ವರ್ಷ ಜೊತೇಲಿ ಬೆಂದಿದೀವಿ, ಅಷ್ಟೂ ಗೊತ್ತಾಗ್ಲಿಲ್ವಾ ನಿಮಗೆ?" ಅವಳ ದನಿ ಏರಲಿಲ್ಲ. ಅದೇ ಅವನಿಗೆ ಹೆಚ್ಚು ನೋಯಿಸಿತು. ಅವಳು ಎದ್ದು ಬ್ಯಾಗನ್ನು ಅವನ ತೊಡೆಯ ಮೇಲಿಟ್ಟಳು. "ಇದನ್ನ ಹಿಡ್ಕೊಂಡು ಕೂತಿರಿ. ಒಳಗೆ ನಾನು ಹೋಗ್ತೀನಿ."

ಬಾಗಿಲು ಮುಚ್ಚಿತು. ಅವನು ಬ್ಯಾಗು ತಬ್ಬಿಕೊಂಡು ಬಾಗಿಲನ್ನೇ ನೋಡುತ್ತ ಕೂತ. ಒಳಗೆ ತನ್ನ ಬದುಕಿನ ಮಾತು ನಡೆಯುತ್ತಿದೆ, ತನಗೆ ಒಂದು ಅಕ್ಷರವೂ ಕೇಳಿಸುತ್ತಿಲ್ಲ. ಅವಳು ಇಷ್ಟು ದಿನ ಇಲ್ಲಿ ಹೀಗೇ ಕೂತಿದ್ದಳಲ್ಲ ಎಂದುಕೊಂಡಾಗ ಅವನಿಗೆ ನಾಚಿಕೆಯಾಯಿತು.

ಕೊನೆಗೆ ಬಾಗಿಲು ತೆರೆದು ಅವಳೇ ಇಣುಕಿದಳು. "ಬನ್ನಿ. ನೀವೂ ಕೇಳಿಸ್ಕೊಳ್ಳಿ."

ಒಳಗೆ ಅವಳು ಡಾಕ್ಟರಮ್ಮನ ಎದುರಿನ ಕುರ್ಚಿಯಲ್ಲಿ ಕೂತಳು. ಅವನು ಪಕ್ಕದಲ್ಲಿ ನಿಂತ.

"ನಮ್ಮಲ್ಲಿ ಹಿಟ್ಟು ಉಬ್ಬೋದನ್ನ ತಡೀಬೇಕು ಅಂದ್ರೆ ಫ್ರಿಜ್ಜಲ್ಲಿ ಇಡ್ತೀವಿ. ಒಳಗಿರೋವರೆಗೂ ತೆಪ್ಪಗಿರುತ್ತೆ, ಆಚೆ ತೆಗೆದ್ರೆ ಮತ್ತೆ ಏಳುತ್ತೆ. ಈ ಮಾತ್ರೆ ಹಾಗಾ?" ಎಂದು ಅವಳು ಕೇಳಿದಳು.

"ಹೆಚ್ಚುಕಮ್ಮಿ ಹಾಗೇ."

"ಹಾಗಿದ್ರೆ ನನ್ನ ಹಿಟ್ಟು ಎರಡು ತಿಂಗಳು ಆಚೇನೇ ಇತ್ತು."

"ಹೌದಮ್ಮಾ" ಎಂದರು ಡಾಕ್ಟರಮ್ಮ. "ಆ ಎರಡು ತಿಂಗಳು ವಾಪಸ್ ತರೋಕೆ ಆಗಲ್ಲ. ನಾಳೆಯಿಂದ ಸರಿಯಾಗಿ ತಗೊಳ್ಳಿ. ಮತ್ತೆ ಸ್ಕ್ಯಾನ್ ಮಾಡಿ ನೋಡೋಣ. ಈ ಮಾತ್ರೆ ಹಿಡಿದು ನಿಲ್ಲಿಸಿದರೂ ನಿಲ್ಲಿಸಬಹುದು, ಇಲ್ಲದೆಯೂ ಇರಬಹುದು. ಸುಳ್ಳು ಭರವಸೆ ಕೊಡಲ್ಲ."

"ಬೇಡ" ಎಂದಳು ಅವಳು. "ಅದು ನಮ್ಮನೇಲಿ ಬೇಕಾದಷ್ಟಿದೆ."

ಮರುದಿನ ತಿಂಡಿಯ ಹೊತ್ತಿಗೆ ಶಕ್ತಿ ಮಾತ್ರೆಯ ಬಾಟಲಿ ತೊಳೆದು ಬೋರಲು ಹಾಕಿತ್ತು. ಹೊಸ ಡಬ್ಬಿ ತನ್ನದೇ ಹೆಸರಿನೊಂದಿಗೆ ಮೇಜಿನ ಮೇಲೆ ಕೂತಿತ್ತು. ಸೊಸೆ ಯೀಸ್ಟ್ ಡಬ್ಬಿಯನ್ನು ತಂದು ಅತ್ತೆಯ ಮುಂದಿಟ್ಟು ತಲೆ ತಗ್ಗಿಸಿ ನಿಂತಳು. ಅತ್ತೆ ಅವಳ ಗಲ್ಲ ಹಿಡಿದೆತ್ತಿ, "ಇನ್ಮೇಲೆ ಬೇಡದ್ದನ್ನ ಬೇಡ ಅನ್ನು ಮಗಳೇ, ನಾನು ನೊಂದ್ಕೊಂಡ್ರೂ ಪರವಾಗಿಲ್ಲ" ಎಂದಳು. ಡಬ್ಬಿಯಲ್ಲಿದ್ದದ್ದನ್ನು ಆಸ್ಪತ್ರೆಗೆ ಹಿಂದಿರುಗಿಸಲು ಮಗ ವ್ಯಾನಿನಲ್ಲಿಟ್ಟುಕೊಂಡ.

ಅವಳು ಕ್ಯಾಪ್ಸೂಲನ್ನು ಅಂಗೈಗೆ ಹಾಕಿಕೊಂಡಳು. ಗಂಡ ಷಟರಿನ ಕಡೆಗೆ ಹೋಗಲಿಲ್ಲ. ನೀರಿನ ಲೋಟ ಹಿಡಿದು ಪಕ್ಕದಲ್ಲೇ ನಿಂತಿದ್ದ. ಹೊರಗೆ ಯಾರೋ ಷಟರ್ ಬಡಿದರು. ದಿನಾ ಬ್ರೆಡ್ ಒಯ್ಯುವ ನಿವೃತ್ತ ಮೇಷ್ಟ್ರ ದನಿ.

"ಏನಮ್ಮಾ, ಇವತ್ತು ಇನ್ನೂ ಬಾಗಿಲು ತೆಗೆದಿಲ್ಲ?"

ಗಂಡನ ಬಾಯಿಗೆ ಅಭ್ಯಾಸಬಲದಿಂದ ಏನೋ ನೆಪ ಬಂತು. ಅದು ಆಚೆ ಬೀಳುವ ಮೊದಲೇ ಅವಳು ಮಾತ್ರೆ ಬಾಯಿಗೆ ಹಾಕಿ ನೀರು ಕುಡಿದು, ಲೋಟ ಅವನ ಕೈಗೆ ಕೊಟ್ಟು, ಇಡೀ ಬೀದಿಗೆ ಕೇಳುವಂತೆ ಹೇಳಿದಳು:

"ಕ್ಯಾನ್ಸರ್ ಮಾತ್ರೆ ನುಂಗ್ತಿದ್ದೆ ಮೇಷ್ಟ್ರೇ. ಇರಿ, ಬಂದೆ."

ಷಟರ್ ಬಡಿಯುವುದು ನಿಂತಿತು. ಆಮೇಲೆ ಮೇಷ್ಟ್ರು, "ನಿಧಾನಕ್ಕೆ ಬಾಮ್ಮಾ, ನಾನಿಲ್ಲೇ ಇರ್ತೀನಿ" ಎಂದರು.